ಮೆಡಿಕಲ್ ಟ್ರಾನ್‌ಸ್ಕ್ರಿಪ್ಷನ್ ಕಲಿಯಲು 45,000 ಕಟ್ಟಲೇ? ಮಾಡಿದವರು ನಿಮ್ಮ ಅನುಭವ ಹೇಳಿ

ಪ್ರಶ್ನೆ, ತರೀಕೆರೆಯಿಂದ

ನಮಸ್ಕಾರ. ನನಗೆ 27 ವರ್ಷ. ಬಿಎಸ್ಸಿ ಆಗಿದೆ, ಪ್ರಾಣಿಶಾಸ್ತ್ರ ಓದಿದ್ದೇನೆ. ಮಗಳಿಗೆ ಎರಡು ವರ್ಷ, ಹಾಗಾಗಿ ಊರು ಬಿಟ್ಟು ಹೋಗಿ ಕೆಲಸ ಮಾಡುವ ಸ್ಥಿತಿ ಸದ್ಯಕ್ಕಿಲ್ಲ. ಒಂದು ತರಬೇತಿ ಸಂಸ್ಥೆಯವರು ಆರು ತಿಂಗಳ ಮೆಡಿಕಲ್ ಟ್ರಾನ್‌ಸ್ಕ್ರಿಪ್ಷನ್ ಕೋರ್ಸಿಗೆ 45,000 ರೂಪಾಯಿ ಹೇಳಿದ್ದಾರೆ. ಅಮೆರಿಕದ ವೈದ್ಯರು ಹೇಳಿ ಧ್ವನಿಮುದ್ರಿಸಿದ್ದನ್ನು ಕೇಳಿ ವರದಿಯಾಗಿ ಟೈಪ್ ಮಾಡುವ ಕೆಲಸ ಇದು. ಸರ್ಟಿಫಿಕೇಟ್ ಕೊಡುತ್ತಾರಂತೆ, ನೂರಕ್ಕೆ ನೂರು ಕೆಲಸ ಗ್ಯಾರಂಟಿಯಂತೆ, ಮನೆಯಿಂದಲೇ ಮಾಡಬಹುದಂತೆ. ನನ್ನ ಟೈಪಿಂಗ್ ನಿಮಿಷಕ್ಕೆ 35 ಪದ. ದುಡ್ಡು ಕಟ್ಟಬೇಕೆಂದರೆ ಒಂದು ಬಳೆ ಅಡವಿಡಬೇಕು. ಈ ಕೆಲಸ ಮಾಡಿದವರು, ಮಾಡುತ್ತಿರುವವರು ದಯವಿಟ್ಟು ಹೇಳಿ.

ಬೆಂಗಳೂರು, 2003ರಿಂದ ಇದೇ ಕೆಲಸದಲ್ಲಿ

ಟೈಪಿಂಗ್ ಬಗ್ಗೆ ಚಿಂತೆ ಬಿಡಿ. ದಿನಾ ಒಂದು ಗಂಟೆ ಕೂತರೆ ಎರಡು ತಿಂಗಳಲ್ಲಿ ಐವತ್ತು ದಾಟುತ್ತೀರಿ. ಪಳಗಬೇಕಾದದ್ದು ಕಿವಿ. ಅದಕ್ಕೆ ನನಗೆ ಒಂದು ವರ್ಷ ಹಿಡಿಯಿತು.

ನನ್ನ ಮೊದಲ ಫೈಲ್ ಇವತ್ತಿಗೂ ನೆನಪಿದೆ. ಮೂಳೆ ಶಸ್ತ್ರಚಿಕಿತ್ಸೆಯ ವೈದ್ಯರು, ಏನೋ ತಿನ್ನುತ್ತಾ, ಕಾಗದ ಮಗುಚುತ್ತಾ ಮಾತಾಡಿದ್ದರು. ಮೂರು ನಿಮಿಷದ ಆಡಿಯೋ. ಕಾಲಡಿ ಪೆಡಲ್ ಒತ್ತಿ ಹಿಂದೆ ಹೋಗುವುದು, ಮತ್ತೆ ಕೇಳುವುದು, ಮತ್ತೆ ಹಿಂದೆ ಹೋಗುವುದು. ಒಂದೂವರೆ ಗಂಟೆ ಕಳೆಯಿತು, ಆಮೇಲೂ ಹದಿನಾಲ್ಕು ಕಡೆ ಖಾಲಿ. ಅಳು ಬಂತು. ನಮ್ಮ ತರಬೇತುದಾರರು ನೋಡಿ, "ಹದಿನಾಲ್ಕು ಖಾಲಿ ಬಿಟ್ಟಿದ್ದಕ್ಕೆ ನಾನು ಬೈಯುವುದಿಲ್ಲ, ಊಹೆ ಮಾಡಿ ತುಂಬಿದ ಈ ಎರಡಕ್ಕೆ ಬೈಯುತ್ತೇನೆ" ಎಂದರು. ಅದರಲ್ಲಿ ಒಂದು ಔಷಧದ ಹೆಸರು. ಮಂಡಿ ಸವೆತದ ರೋಗಿಗೆ ನಾನು ಸೆಲೆಕ್ಸಾ ಎಂದು ಹಾಕಿದ್ದೆ. ಸೆಲೆಕ್ಸಾ ಖಿನ್ನತೆಗೆ ಕೊಡುವ ಮಾತ್ರೆ. ವೈದ್ಯರು ಹೇಳಿದ್ದು ಸೆಲೆಬ್ರೆಕ್ಸ್, ಕೀಲುನೋವಿನದು. ಇವೆರಡರ ಜೊತೆಗೆ ಸೆರೆಬಿಕ್ಸ್ ಅಂತ ಮೂರನೆಯದೂ ಇದೆ, ಅದು ಅಪಸ್ಮಾರಕ್ಕೆ. ಗಡಿಬಿಡಿಯಲ್ಲಿ ಹೇಳಿದರೆ ಮೂರೂ ಒಂದೇ ಥರ ಕೇಳುತ್ತವೆ. ಅಂದಿನಿಂದ ಔಷಧದ ಹೆಸರು ಬಂದಾಗಲೆಲ್ಲ "ಈ ಕಾಯಿಲೆಗೆ ಈ ಮದ್ದು ಯಾಕೆ" ಎಂದು ಕೇಳಿಕೊಳ್ಳದೆ ಮುಂದೆ ಹೋಗಿಲ್ಲ. ಅಷ್ಟು ಗೊತ್ತಾಗಬೇಕಾದರೆ ದೇಹರಚನೆ, ಕಾಯಿಲೆ, ಔಷಧ ಮೂರೂ ಓದಿರಬೇಕು. ನಿಮ್ಮ ಪ್ರಾಣಿಶಾಸ್ತ್ರ ಇಲ್ಲಿ ಕೈಹಿಡಿಯುತ್ತದೆ.

ಕೆಲಸ ಭಾರತಕ್ಕೆ ಬಂದ ಕಾರಣವೂ ತಿಳಿದಿರಲಿ, ನಿಮ್ಮ ಪಾಳಿ ನಿಂತಿರುವುದು ಅದರ ಮೇಲೆಯೇ. ಅಮೆರಿಕದ ಪೂರ್ವ ಕರಾವಳಿ ನಮಗಿಂತ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದಿದೆ. ಅಲ್ಲಿನ ವೈದ್ಯರು ಸಂಜೆ ಹೇಳಿಟ್ಟದ್ದು ನಮ್ಮ ಬೆಳಗಿಗೆ ಬರುತ್ತದೆ, ಅವರು ಎದ್ದು ಆಸ್ಪತ್ರೆಗೆ ಹೋಗುವಷ್ಟರಲ್ಲಿ ವರದಿ ಸಿದ್ಧ. ಸಾಮಾನ್ಯ ವರದಿಗೆ 24 ಗಂಟೆ ಗಡುವು. "ಸ್ಟ್ಯಾಟ್" ಎಂದು ಬಂದರೆ ಕೈಲಿದ್ದದ್ದನ್ನು ಬಿಟ್ಟು ಅದನ್ನೇ ಮೊದಲು ಮುಗಿಸಬೇಕು.

ಸರ್ಟಿಫಿಕೇಟ್ ವಿಷಯ. ನಾನು ಹೊಸಬರನ್ನು ಆಯ್ಕೆ ಮಾಡುವ ಕಡೆ ಕೂತು ಹತ್ತು ವರ್ಷದ ಮೇಲಾಯಿತು. ಬಂದವರಿಗೆ ವೈದ್ಯಕೀಯ ಪದಗಳ ಪರೀಕ್ಷೆ, ಇಂಗ್ಲಿಷ್ ವ್ಯಾಕರಣದ ಪರೀಕ್ಷೆ, ಎರಡು ಅಥವಾ ಮೂರು ಆಡಿಯೋ ಫೈಲ್ ಕೊಡುತ್ತೇವೆ. ಯಾವ ಸಂಸ್ಥೆಯ ಸರ್ಟಿಫಿಕೇಟ್ ಎಂದು ನಾನು ಒಮ್ಮೆಯೂ ನೋಡಿಲ್ಲ. ಆಡಿಯೋ ಕೇಳಿ ಏನು ಬರೆದರು, ಎಲ್ಲಿ ಖಾಲಿ ಬಿಟ್ಟರು, ಅಷ್ಟೇ ನೋಡುತ್ತೇನೆ. ಸುಂದರವಾಗಿ ತುಂಬಿದ ತಪ್ಪು ವಾಕ್ಯ ಕೊಟ್ಟವರಿಗಿಂತ, ಖಾಲಿ ಬಿಟ್ಟು ಪಕ್ಕದಲ್ಲಿ ಸಮಯ ಗುರುತಿಸಿದವರನ್ನು ತೆಗೆದುಕೊಳ್ಳುತ್ತೇನೆ.

ಬಳೆ ಅಡವಿಡಬೇಡಿ. ಮೊದಲು ಆ ಸಂಸ್ಥೆಯನ್ನು ವಿಚಾರಿಸಿ.

ಹುಬ್ಬಳ್ಳಿ

ಮ್ಯಾಲಿನವರು ಹೇಳಿದ್ದು ಖರೇ. ನಾ 2016ರಾಗ 38,000 ಕಟ್ಟೀನಿ, ಬ್ಯಾರೆ ಊರಾಗಿನ ಒಂದು ಸಂಸ್ಥಾಕ್ಕ. ಹೆಸರು ಬ್ಯಾಡ. ಝೆರಾಕ್ಸ್ ಮಾಡಿದ ನೋಟ್ಸ್ ಕೊಟ್ರು, ಆರು ತಿಂಗಳಿಗೆ ಆಡಿಯೋ ಫೈಲು ಹನ್ನೆರಡ! ಅವನ್ನ ತಿರಗಾಮುರಗಾ ಕೇಳಿ ಬಾಯಿಪಾಠ ಆಗಿದ್ವು. ಕಿವಿಗೆ ಏನ್ ಕಲ್ತಂಗಾತು? ಕೆಲಸದ ಗ್ಯಾರಂಟಿ ಅಂದ್ರ, ಎಲ್ಲಾರಿಗೂ ತೆರದ ಇರೋ ಒಂದು ಇಂಟರ್‌ವ್ಯೂಕ್ಕ ನಮ್ಮನ್ನ ಕಳಿಸಿದ್ರು. ಅದಕ್ಕ ಯಾರಾದ್ರೂ ಹೋಗಬಹುದಿತ್ತು. ಮೊದಲ ಸಲ ನಪಾಸ್. ಮನ್ಯಾಗ ಕುಂತು ನಾಕ್ ತಿಂಗಳು ನಾನ ಅಭ್ಯಾಸ ಮಾಡಿ ಎರಡನೇ ಸಲ ಪಾಸ್ ಆದೆ.

ತಂಗಿ, ರೊಕ್ಕ ಕಟ್ಟೂಕಿಂತ ಮೊದ್ಲ "ಒಂದ್ ದಿನ ಕ್ಲಾಸಿನ್ಯಾಗ ಕುಂದರತೀನಿ" ಅಂತ ಕೇಳ್ರಿ. ಆರು ತಿಂಗಳದಾಗ ಎಷ್ಟು ತಾಸು ಆಡಿಯೋ ಕೊಡ್ತೀರಿ, ಎಷ್ಟು ಮಂದಿ ವೈದ್ಯರ ದನಿ ಅದರಾಗ ಅದಾವು ಅಂತ ಕೇಳ್ರಿ. ಬರೆದದ್ದನ್ನ ಯಾರು ತಿದ್ದತಾರ, ಅವರು ಈ ಕೆಲಸ ಸ್ವತಃ ಮಾಡ್ಯಾರೇನು ಅಂತನೂ ಕೇಳ್ರಿ. ಕಳೆದ ವರ್ಷ ಕೆಲಸ ಸಿಕ್ಕ ಇಬ್ಬರ ಜೋಡಿ ಮಾತಾಡಸ್ರಿ ಅನ್ರಿ. ತಪ್ಪಿಸಿ ಮಾತಾಡಿದ್ರ ಎದ್ದು ಬರ್ರಿ.

ತರೀಕೆರೆ (ಕೇಳಿದವರು)

ತುಂಬಾ ಧನ್ಯವಾದ. ಬರೆಯಲು ಸಂಕೋಚವಾಗಿತ್ತು, ಈಗ ಹೇಳುತ್ತೇನೆ: ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಆದರೆ ಅಮೆರಿಕದವರು ಮಾತಾಡಿದರೆ ಅರ್ಧ ತಪ್ಪಿಹೋಗುತ್ತದೆ. ಇದು ನನ್ನಿಂದ ಆಗುವ ಕೆಲಸವೇ?

ಕೊಳ್ಳೇಗಾಲದವಳು, ಈಗ ಮೈಸೂರು

ನಾನೂ ಕನ್ನಡ ಮಾಧ್ಯಮದವಳು. ಹನ್ನೊಂದು ವರ್ಷದಿಂದ ಮಾಡುತ್ತಿದ್ದೇನೆ. ಆಗುತ್ತದೆ. ಆದರೆ ನಿಮಗೆ ಬರುವ ಕಷ್ಟ ಇಂಗ್ಲಿಷ್ ಮಾಧ್ಯಮದವರಿಗೆ ಬರುವಂಥದ್ದಲ್ಲ, ಹಾಗಾಗಿ ನಾನು ಕಲಿತ ದಾರಿಯನ್ನೇ ವಿವರವಾಗಿ ಬರೆಯುತ್ತೇನೆ.

ನಮಗೆ ಕನ್ನಡ ಕಲಿಸಿದ್ದೇನು? ಹೇಗೆ ಕೇಳಿತೋ ಹಾಗೆ ಬರೆ. ಈ ಅಭ್ಯಾಸ ವೈದ್ಯಕೀಯ ಪದಗಳ ಮುಂದೆ ಕೈಕೊಡುತ್ತದೆ. "ನ್ಯೂಮೋ" ಎಂದು ಕೇಳಿ ನಾನು ನಿಘಂಟಿನಲ್ಲಿ ಎನ್ ಅಕ್ಷರದಡಿ ಅರ್ಧ ಗಂಟೆ ಹುಡುಕಿದ್ದೆ. ಅದು ಇರುವುದು ಪಿ ಅಕ್ಷರದಡಿ. "ಸೋರಿಯಾಸಿಸ್", ಕಣ್ಣರೆಪ್ಪೆ ಜೋತುಬೀಳುವ "ಟೋಸಿಸ್", ಎರಡೂ ಪಿ. ಎದೆಮೂಳೆಯ ತುದಿಯ "ಝೈಫಾಯ್ಡ್" ಎಕ್ಸ್ ಅಕ್ಷರದಲ್ಲಿ. "ಸಯಾಟಿಕ್" ಎಸ್ ಆದಮೇಲೆ ಸಿ. "ಯೂಥೈರಾಯ್ಡ್" ವೈ ಅಲ್ಲ, ಇ ಮತ್ತು ಯು. ಒಂದು ನೋಟುಪುಸ್ತಕ ಇಟ್ಟೆ. ಎಡಕ್ಕೆ ನನ್ನ ಕಿವಿಗೆ ಬಿದ್ದದ್ದು ಕನ್ನಡ ಅಕ್ಷರದಲ್ಲಿ, ಬಲಕ್ಕೆ ಸರಿಯಾದ ಇಂಗ್ಲಿಷ್ ಕಾಗುಣಿತ. ಕನ್ನಡ ಲಿಪಿ ಉಚ್ಚಾರಣೆಯನ್ನು ಎಷ್ಟು ನಿಖರವಾಗಿ ಹಿಡಿಯುತ್ತದೆ ಎಂದು ನನಗೆ ಗೊತ್ತಾದದ್ದೇ ಆಗ. ಜೊತೆಯಲ್ಲಿದ್ದ ಇಂಗ್ಲಿಷ್ ಮಾಧ್ಯಮದ ಹುಡುಗಿಯರು ಉಚ್ಚಾರಣೆ ಬರೆದಿಟ್ಟುಕೊಳ್ಳಲು ಒದ್ದಾಡುತ್ತಿದ್ದರು. ನಾನು ಒಂದೇ ಪದದಲ್ಲಿ ಬರೆದಿಡುತ್ತಿದ್ದೆ. ಆ ಪುಸ್ತಕ ಮೂರು ಸಂಪುಟವಾಯಿತು, ಈಗಲೂ ಇದೆ.

ಕೆಲವು ಜೋಡಿಗಳನ್ನು ಕಿವಿ ಬಿಡಿಸಲಾರದು, ತಲೆಯೇ ಬಿಡಿಸಬೇಕು. "ಐಲಿಯಮ್" ಎಂದರೆ ಎರಡು: ಇ ಬಳಸಿದರೆ ಸಣ್ಣಕರುಳಿನ ಕೊನೆಯ ಭಾಗ, ಐ ಬಳಸಿದರೆ ಸೊಂಟದ ಮೂಳೆ. ಉಚ್ಚಾರಣೆ ಒಂದೇ. ವರದಿ ಹೊಟ್ಟೆಯದೋ ಸೊಂಟದ್ದೋ ನೋಡಿಯೇ ಬರೆಯಬೇಕು. "ಡಿಸ್ಫೇಜಿಯಾ" ನುಂಗುವ ತೊಂದರೆ, "ಡಿಸ್ಫೇಸಿಯಾ" ಮಾತಿನ ತೊಂದರೆ. ಪಾರ್ಶ್ವವಾಯು ಆದವರಿಗೆ ಎರಡೂ ಇರಬಹುದು, ಆಗ ಇನ್ನೂ ಕಷ್ಟ. "ಪೆರಿನಿಯಲ್" ಗುದದ್ವಾರದ ಮುಂದಿನ ಜಾಗಕ್ಕೆ ಸಂಬಂಧಿಸಿದ್ದು, "ಪೆರೋನಿಯಲ್" ಮೊಣಕಾಲಿನಿಂದ ಕೆಳಗಿನದು. ಕೈಯನ್ನು ದೇಹದಿಂದ ದೂರ ಎತ್ತುವುದಕ್ಕೂ ಹತ್ತಿರ ತರುವುದಕ್ಕೂ ಇರುವ ಪದಗಳಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಒಳ್ಳೆಯ ವೈದ್ಯರು "ಎ-ಬಿ-ಡಕ್ಷನ್", "ಎ-ಡಿ-ಡಕ್ಷನ್" ಎಂದು ಬಿಡಿಸಿ ಹೇಳುತ್ತಾರೆ. ಹಾಗೆ ಹೇಳುವ ವೈದ್ಯರ ಫೈಲ್ ಬಂದರೆ ನಮಗೆ ಆ ದಿನ ಒಳ್ಳೆಯದಾಗುತ್ತದೆ.

ಸಂಖ್ಯೆಗಳಲ್ಲಿ ಎಚ್ಚರ. ಫಿಫ್ಟೀನ್, ಫಿಫ್ಟಿ, ಈ ಎರಡರ ನಡುವೆ ಒಬ್ಬರ ಜೀವ ಇರುತ್ತದೆ. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2004ರಲ್ಲಿ ಬಳಸಬಾರದ ಸಂಕ್ಷೇಪಗಳ ಪಟ್ಟಿ ತಂದಿತು. ಯೂನಿಟ್ ಎನ್ನಲು ಯು ಒಂದನ್ನೇ ಬರೆಯುವ ಹಾಗಿಲ್ಲ, ಕೈಬರಹದಲ್ಲಿ ಸೊನ್ನೆಯಂತೆ ಕಂಡು ಇನ್ಸುಲಿನ್ ಹತ್ತು ಪಟ್ಟಾಗಬಹುದು. ಒಂದು ಮಿಲಿಗ್ರಾಂ ಔಷಧವನ್ನು 1.0 ಎಂದು ಬರೆಯಬಾರದು, ಚುಕ್ಕೆ ಕಾಣದಿದ್ದರೆ ಹತ್ತಾಗುತ್ತದೆ. ಚುಕ್ಕೆಯ ಹಿಂದೆ ಸೊನ್ನೆ ಮಾತ್ರ ಇರಲೇಬೇಕು: 0.5. ಈ ಪಟ್ಟಿ ಚಿಕ್ಕದು, ಒಂದು ಸಂಜೆಯಲ್ಲಿ ಬಾಯಿಗೆ ಬರುತ್ತದೆ, ಪರೀಕ್ಷೆಯಲ್ಲಿ ಕೇಳಿಯೇ ಕೇಳುತ್ತಾರೆ.

ಪದಗಳನ್ನು ಒಂದೊಂದಾಗಿ ಉರುಹೊಡೆಯಬೇಡಿ. ಗ್ರೀಕ್, ಲ್ಯಾಟಿನ್ ಬೇರುಗಳನ್ನು ಕಲಿಯಿರಿ. ನಾವು ಶಾಲೆಯಲ್ಲಿ ಸಮಾಸ ಬಿಡಿಸಿದ ಹಾಗೇ ಬಿಡಿಸುವುದು. "ಐಟಿಸ್" ಕೊನೆಗೆ ಬಂದರೆ ಉರಿಯೂತ, "ಎಕ್ಟಮಿ" ಬಂದರೆ ತೆಗೆದುಹಾಕಿದ್ದು, "ಆಸ್ಟಮಿ" ಬಂದರೆ ದ್ವಾರ ಮಾಡಿದ್ದು. "ಕೋಲಿ" ಪಿತ್ತ, "ಸಿಸ್ಟ್" ಚೀಲ, ಆಗ "ಕೋಲಿಸಿಸ್ಟೆಕ್ಟಮಿ" ಎಂಬ ದೊಡ್ಡ ಪದ ಪಿತ್ತಕೋಶ ತೆಗೆದ ಶಸ್ತ್ರಚಿಕಿತ್ಸೆಯಾಗಿ ತಾನೇ ಬಿಚ್ಚಿಕೊಳ್ಳುತ್ತದೆ. ಮುನ್ನೂರು ಬೇರು ಬಂದರೆ ಸಾವಿರಾರು ಪದ ಬಂದ ಹಾಗೆ.

ದುಡ್ಡಿಲ್ಲದೆ ಸಿಗುವುದು: ಓಪನ್‌ಸ್ಟ್ಯಾಕ್ಸ್‌ನವರ ಅನಾಟಮಿ ಮತ್ತು ಫಿಸಿಯಾಲಜಿ ಪುಸ್ತಕ ಇಡೀ ಉಚಿತ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಮೆಡ್‌ಲೈನ್‌ಪ್ಲಸ್‌ನಲ್ಲಿ ಕಾಯಿಲೆಗಳು ಸರಳ ಇಂಗ್ಲಿಷಿನಲ್ಲಿವೆ, ಅವರದ್ದೇ ಡೈಲಿಮೆಡ್‌ನಲ್ಲಿ ಔಷಧಗಳ ವಿವರ. ಎಂಟಿಸ್ಯಾಂಪಲ್ಸ್‌ನಲ್ಲಿ ಸಾವಿರಾರು ಮಾದರಿ ವರದಿಗಳು. ದಿನಾ ಒಂದು ಮಾದರಿ ವರದಿಯನ್ನು ಗಟ್ಟಿಯಾಗಿ ಓದಿ ಫೋನಿನಲ್ಲಿ ಧ್ವನಿಮುದ್ರಿಸಿ, ಮರುದಿನ ಅದನ್ನೇ ಕೇಳಿ ಟೈಪ್ ಮಾಡಿ, ಮೂಲದ ಜೊತೆ ಹೋಲಿಸಿ. ಅಮೆರಿಕದ ದನಿಗೆ, ಅಲ್ಲಿನ ವೈದ್ಯಕೀಯ ಕಾಲೇಜುಗಳ ಉಪನ್ಯಾಸದ ವಿಡಿಯೋ ಹಾಕಿ, ಕೆಳಗಿನ ಅಕ್ಷರ ಮುಚ್ಚಿ, ಐದು ನಿಮಿಷ ಬರೆದು ನೋಡಿ. ಇನ್ನೊಂದು, ಆಡಿಯೋದಲ್ಲಿ ಬರುವವರೆಲ್ಲ ಅಮೆರಿಕದ ದನಿಯವರಲ್ಲ. ನನಗೆ ಅತಿ ಕಷ್ಟವಾದದ್ದು ಒಬ್ಬ ಚೀನೀ ಮೂಲದ ಹೃದಯತಜ್ಞರ ದನಿ, ಅತಿ ಸುಲಭವಾದದ್ದು ಒಬ್ಬ ತೆಲುಗು ವೈದ್ಯರದ್ದು.

ಒಂದು ವರ್ಷ ಹೀಗೆ ಮಾಡಿ ನಾನು ದಿನಕ್ಕೆ 500 ಸಾಲು ಮುಟ್ಟಿದೆ. ಸಾಲು ಎಂದರೆ ನಡುವಿನ ಖಾಲಿ ಜಾಗವೂ ಸೇರಿ 65 ಅಕ್ಷರ, ಸಂಬಳ ಆ ಲೆಕ್ಕದಲ್ಲೇ. ಸಾವಿರಕ್ಕೆ ಹೋಗಲು ಇನ್ನೆರಡು ವರ್ಷ ಬೇಕಾಯಿತು. ನಿಖರತೆ ಶೇಕಡ 98ಕ್ಕಿಂತ ಕೆಳಗಿಳಿದರೆ ಫೈಲು ನೇರ ಹೋಗುವುದಿಲ್ಲ, ಮೇಲಿನವರು ತಿದ್ದಿಯೇ ಹೋಗುತ್ತದೆ.

ಮಂಗಳೂರು, ಮೆಡಿಕಲ್ ಕೋಡಿಂಗ್

ಪಕ್ಕದ ದಾರಿ ಒಂದನ್ನು ಹೇಳುತ್ತೇನೆ. ನಾನೂ ಟ್ರಾನ್‌ಸ್ಕ್ರಿಪ್ಷನ್ ಮಾಡಲಿಕ್ಕೆ ಅಂತಲೇ ಶುರು ಮಾಡಿದವಳು, ಎರಡು ವರ್ಷ ಆದ ಮೇಲೆ ಕೋಡಿಂಗಿಗೆ ಬಂದೆ. ವರದಿ ಓದಿ ಕಾಯಿಲೆಗೆ, ಚಿಕಿತ್ಸೆಗೆ ಸಂಕೇತ ಹಾಕುವುದು ಕೆಲಸ. ಅದರ ಮೇಲೆ ವಿಮೆಯ ಹಣ ಬರುತ್ತದೆ. ಅಮೆರಿಕದಲ್ಲಿ 2015ರ ಅಕ್ಟೋಬರ್ 1ರಿಂದ ಐಸಿಡಿ-10 ಎಂಬ ಹೊಸ ಸಂಕೇತಪಟ್ಟಿ ಬಂತು, ಸಂಕೇತಗಳು ಒಮ್ಮೆಲೇ ಹಲವು ಪಟ್ಟು ಹೆಚ್ಚಾದವು, ಜನ ಬೇಕಾದರು. ಇಲ್ಲಿ ಕಿವಿಗೆ ಕೆಲಸ ಇಲ್ಲ, ಕಣ್ಣಿಗೆ ಮಾತ್ರ.

ಇಲ್ಲಿ ಸರ್ಟಿಫಿಕೇಟಿಗೆ ಬೆಲೆ ಇದೆ, ಇದು ನೆನಪಿಡಿ. ಎಎಪಿಸಿ ಎಂಬ ಸಂಸ್ಥೆಯ ಸಿಪಿಸಿ ಪರೀಕ್ಷೆ: 100 ಪ್ರಶ್ನೆ, ನಾಲ್ಕು ಗಂಟೆ, ಶೇಕಡ 70 ಬರಬೇಕು. ಸಂಕೇತಗಳ ಪುಸ್ತಕ ತೆರೆದಿಟ್ಟು ಬರೆಯಬಹುದು, ಆದರೆ ಪುಟ ಹುಡುಕುತ್ತಾ ಕೂತರೆ ಸಮಯ ಮುಗಿದುಹೋಗುತ್ತದೆ. ಅನುಭವ ಇಲ್ಲದೆ ಪಾಸಾದವರ ಹೆಸರಿನ ಮುಂದೆ ಅಪ್ರೆಂಟಿಸ್ ಅಂತ ಎ ಅಕ್ಷರ ಇರುತ್ತದೆ, ಎರಡು ವರ್ಷದ ಕೆಲಸ ತೋರಿಸಿದರೆ ತೆಗೆಯುತ್ತಾರೆ. ಬಿಎಸ್ಸಿಯಲ್ಲಿ ಜೀವವಿಜ್ಞಾನ ಓದಿದವರನ್ನು ಕಂಪನಿಗಳು ಕೇಳಿ ತೆಗೆದುಕೊಳ್ಳುತ್ತವೆ. ತೊಡಕೇನೆಂದರೆ ಹೊಸಬರಿಗೆ ಮೊದಲ ವರ್ಷ ಮನೆಯಿಂದ ಕೆಲಸ ಕೊಡುವವರು ಕಡಿಮೆ. ಮಗು ಸ್ವಲ್ಪ ದೊಡ್ಡದಾದ ಮೇಲೆ ಯೋಚಿಸಿ.

ಬೆಂಗಳೂರು, ವರ್ಚುವಲ್ ಸ್ಕ್ರೈಬ್

ಎಲ್ಲರೂ ಕಲಿಯುವ ಬಗ್ಗೆ ಬರೆದಿದ್ದೀರಿ. ಈ ಕೆಲಸ ಎಷ್ಟು ದಿನ ಇರುತ್ತದೆ ಎಂಬುದನ್ನೂ ಇವರಿಗೆ ಹೇಳಬೇಕಲ್ಲವೇ? ನಾನು ರಾತ್ರಿ ಏಳೂವರೆಗೆ ಲಾಗಿನ್ ಆಗುತ್ತೇನೆ. ಅಲ್ಲಿ ವೈದ್ಯರು ರೋಗಿಯನ್ನು ನೋಡುತ್ತಿರುವಾಗ ನೇರ ಕೇಳಿಸಿಕೊಂಡು ಅವರ ಕಡತದಲ್ಲಿ ಬರೆಯುವ ಕೆಲಸ. ಈಗ ವೈದ್ಯ-ರೋಗಿಯ ಮಾತುಕತೆ ಕೇಳಿ ತಾನೇ ಕರಡು ಬರೆಯುವ ತಂತ್ರಾಂಶ ಬಂದಿದೆ. ಮಾತನ್ನು ಅಕ್ಷರವಾಗಿಸುವ ಡ್ರ್ಯಾಗನ್ ತಂತ್ರಾಂಶ ಮಾಡುತ್ತಿದ್ದ ನುಆನ್ಸ್ ಕಂಪನಿಯನ್ನು 2022ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು ಎಂದರೆ ಹಣ ಯಾವ ಕಡೆ ಹರಿಯುತ್ತಿದೆ ನೋಡಿ. ನಮ್ಮ ತಂಡದಲ್ಲಿ ಹದಿನೆಂಟು ಜನರಿದ್ದೆವು, ಈಗ ಏಳು. ಉಳಿದವರು ಯಂತ್ರದ ಕರಡು ತಿದ್ದುತ್ತೇವೆ. ಒಬ್ಬ ಹೊಸಬಳಿಗೆ, ಅದೂ ಬಳೆ ಅಡವಿಟ್ಟು, ಈ ಹೊತ್ತಿನಲ್ಲಿ ಬರೀ ಟ್ರಾನ್‌ಸ್ಕ್ರಿಪ್ಷನ್ ಕಲಿ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಬೆಂಗಳೂರು, 2003ರಿಂದ ಇದೇ ಕೆಲಸದಲ್ಲಿ

ನೀವು ಹೇಳಿದ್ದು ನಿಜ, ನಾನೇ ಮೊದಲು ಹೇಳಬೇಕಿತ್ತು. ಖಾಲಿ ಪುಟದಲ್ಲಿ ಟೈಪ್ ಮಾಡುವ ಕೆಲಸ ನಮ್ಮಲ್ಲೂ ಕಾಲು ಭಾಗ ಉಳಿದಿಲ್ಲ. ಬಾಕಿ ಎಲ್ಲ ಎಡಿಟಿಂಗ್, ಅದಕ್ಕೆ ಸಾಲಿನ ದರ ಅರ್ಧ. 2020ರ ಏಪ್ರಿಲ್ ನೆನಪಾಗುತ್ತದೆ. ಅಲ್ಲಿ ತುರ್ತಲ್ಲದ ಶಸ್ತ್ರಚಿಕಿತ್ಸೆ ಎಲ್ಲ ನಿಂತು ನಮ್ಮ ಫೈಲುಗಳು ಬತ್ತಿದವು. ಸಾಲಿನ ಲೆಕ್ಕದ ಸಂಬಳ ಎಂದರೇನು ಎಂದು ಆಗ ಎಲ್ಲರಿಗೂ ಅರ್ಥವಾಯಿತು.

ಆದರೆ ಒಂದು ಮಾತಿಗೆ ನಾನು ಒಪ್ಪುವುದಿಲ್ಲ. ಎಡಿಟಿಂಗ್‌ಗೆ ಕಡಿಮೆ ಕಲಿತರೆ ಸಾಕು ಎಂಬ ಭಾವನೆ ಹೊಸಬರಲ್ಲಿ ಬರುತ್ತಿದೆ, ಅದು ಅಪಾಯ. ಮನುಷ್ಯನಿಗೆ ಕೇಳದಿದ್ದರೆ ಖಾಲಿ ಬಿಡುತ್ತಾನೆ. ಯಂತ್ರ ಖಾಲಿ ಬಿಡುವುದಿಲ್ಲ, ವ್ಯಾಕರಣ ಸರಿ ಇರುವ ಒಂದು ವಾಕ್ಯ ಕೊಟ್ಟುಬಿಡುತ್ತದೆ. ತಾಯಿಗೆ ಸಕ್ಕರೆ ಕಾಯಿಲೆ ಇತ್ತು ಎಂದು ರೋಗಿ ಹೇಳಿದರೆ ರೋಗಿಗೇ ಇದೆ ಎಂದು ಹಾಕಿರುತ್ತದೆ. "ಎದೆನೋವು ಇಲ್ಲ" ಎಂಬಲ್ಲಿ "ಇಲ್ಲ" ಹೋಗಿರುತ್ತದೆ. ಪರದೆಯ ಮೇಲೆ ಅಚ್ಚುಕಟ್ಟಾದ ಅಕ್ಷರ ಕಂಡಾಗ ಕಣ್ಣು ನಂಬಿಬಿಡುತ್ತದೆ, ಕಿವಿ ಮಲಗುತ್ತದೆ. ಹತ್ತು ವರ್ಷ ಟೈಪ್ ಮಾಡಿದವರೂ ಇದರಲ್ಲಿ ಎಡವಿದ್ದನ್ನು ನೋಡಿದ್ದೇನೆ. ಅದಕ್ಕೇ ಈಗ ಹೊಸಬರನ್ನು ಪರೀಕ್ಷಿಸುವಾಗ, ತಪ್ಪುಗಳಿರುವ ಕರಡು ಮತ್ತು ಆಡಿಯೋ ಎರಡನ್ನೂ ಕೊಟ್ಟು "ತಿದ್ದಿ" ಎನ್ನುತ್ತೇನೆ. ನಿಮ್ಮ ಸಂಸ್ಥೆಯವರು ಎಡಿಟಿಂಗ್ ಕಲಿಸುತ್ತಾರೆಯೇ ಕೇಳಿ. ಇಲ್ಲ ಎಂದರೆ ಅವರ ಪಾಠ ಹದಿನೈದು ವರ್ಷ ಹಳೆಯದು.

ಒಹಾಯೊ, ಆಸ್ಪತ್ರೆಯ ದಾಖಲೆ ವಿಭಾಗ

ಮೂಲ ಶಿರಸಿ. ಫೈಲು ಹೊರಡುವ ಈ ಬದಿಯಿಂದ ಎರಡು ಮಾತು. ಇಲ್ಲಿ ಟ್ರಾನ್‌ಸ್ಕ್ರಿಪ್ಷನಿಸ್ಟರ ಸಂಘ 1978ರಲ್ಲಿ ಎಎಎಂಟಿ ಎಂಬ ಹೆಸರಿನಲ್ಲಿ ಶುರುವಾಗಿ, ಆಮೇಲೆ ಎಎಚ್‌ಡಿಐ ಆಯಿತು. ಅವರ ಆರ್‌ಎಚ್‌ಡಿಎಸ್ ಹೊಸಬರಿಗೆ, ಸಿಎಚ್‌ಡಿಎಸ್ ಅನುಭವಿಗಳಿಗೆ ಎಂದು ಎರಡು ಪರೀಕ್ಷೆಗಳಿದ್ದವು. ನಾನು ಬರೆದಿದ್ದೇನೆ, ಓದಿದ್ದು ಉಪಯೋಗಕ್ಕೆ ಬಂತು. ಆದರೆ ತರೀಕೆರೆಯಲ್ಲಿ ಕೂತು ಡಾಲರ್ ಕೊಟ್ಟು ಮೊದಲು ಮಾಡಬೇಕಾದದ್ದು ಅದಲ್ಲ.

ಎರಡನೆಯದು ಗೋಪ್ಯತೆ. ರೋಗಿಯ ಮಾಹಿತಿ ಕಾಪಾಡುವ ಅಮೆರಿಕದ 1996ರ ಹಿಪಾ ಕಾಯ್ದೆ ನಿಮ್ಮ ಮನೆಯೊಳಗೂ ಬರುತ್ತದೆ. ಬಾಗಿಲು ಹಾಕುವ ಕೋಣೆ ಬೇಕು, ಹೆಡ್‌ಫೋನ್ ಬೇಕು, ರೋಗಿಯ ಹೆಸರನ್ನು ಚೀಟಿಯಲ್ಲಿ ಗೀಚಿಕೊಳ್ಳುವ ಹಾಗಿಲ್ಲ, ಕೇಳಿದ್ದನ್ನು ಮನೆಯವರಿಗೂ ಹೇಳುವ ಹಾಗಿಲ್ಲ. ಎರಡು ವರ್ಷದ ಮಗು ಪಕ್ಕದಲ್ಲಿ ಆಡುತ್ತಿರುವಾಗ ಈ ಕೆಲಸ ಆಗುವುದಿಲ್ಲ. ದಿನಕ್ಕೆ ನಾಲ್ಕು ಗಂಟೆಯಾದರೂ ಮಗುವನ್ನು ಇನ್ನೊಬ್ಬರು ನೋಡಿಕೊಳ್ಳಬೇಕು. "ಮನೆಯಿಂದ ಕೆಲಸ" ಎನ್ನುವ ಜಾಹೀರಾತಿನಲ್ಲಿ ಇದನ್ನು ಯಾರೂ ಬರೆಯುವುದಿಲ್ಲ.

ತರೀಕೆರೆ (ಕೇಳಿದವರು)

ನಿನ್ನೆ ಸಂಸ್ಥೆಗೆ ಫೋನ್ ಮಾಡಿದೆ. ಒಂದು ದಿನ ಕ್ಲಾಸಿನಲ್ಲಿ ಕೂರಲು ಬಿಡುವುದಿಲ್ಲವಂತೆ, ಮೊದಲು ಅರ್ಧ ಫೀಸು ಕಟ್ಟಬೇಕಂತೆ. ಎಡಿಟಿಂಗ್ ಬಗ್ಗೆ ಕೇಳಿದ್ದಕ್ಕೆ "ಅದೆಲ್ಲ ಕಂಪನಿಯಲ್ಲಿ ಕಲಿಸುತ್ತಾರೆ" ಎಂದರು. ಕಟ್ಟುವುದಿಲ್ಲ ಎಂದು ತೀರ್ಮಾನಿಸಿದೆ. ಅಮ್ಮ ಬೆಳಿಗ್ಗೆ ಹತ್ತರಿಂದ ಎರಡರವರೆಗೆ ಮಗಳನ್ನು ನೋಡಿಕೊಳ್ಳಲು ಒಪ್ಪಿದ್ದಾರೆ. ಆರು ತಿಂಗಳು ಮನೆಯಲ್ಲೇ ಓದಿ, ಪರೀಕ್ಷೆ ಬರೆದು ನೋಡುತ್ತೇನೆ. ಆಗದಿದ್ದರೆ ಅದೇ ಓದಿನಲ್ಲಿ ಕೋಡಿಂಗ್. ಇವತ್ತು ಮೊದಲ ಮಾದರಿ ವರದಿ ಓದಿ ಧ್ವನಿಮುದ್ರಿಸಿದೆ. ಒಂದು ಪುಟದಲ್ಲಿ ಒಂಬತ್ತು ಪದ ಉಚ್ಚರಿಸಲು ಬರಲಿಲ್ಲ, ನೋಟುಪುಸ್ತಕಕ್ಕೆ ಹಾಕಿದ್ದೇನೆ. ಪೆಡಲ್ ಈಗಲೇ ಕೊಳ್ಳಬೇಕೆ?

ಕೊಳ್ಳೇಗಾಲದವಳು, ಈಗ ಮೈಸೂರು

ಬೇಡ. ಎಕ್ಸ್‌ಪ್ರೆಸ್ ಸ್ಕ್ರೈಬ್‌ನ ಉಚಿತ ಆವೃತ್ತಿ ಹಾಕಿಕೊಳ್ಳಿ, ಅದು ಆಡಿಯೋ ಕೇಳುತ್ತಾ ಟೈಪ್ ಮಾಡಲು ಇರುವ ತಂತ್ರಾಂಶ, ಕೀಬೋರ್ಡಿನ ಮೇಲಿನ ಸಾಲಿನ ಕೀಲಿಗಳಿಂದಲೇ ನಿಲ್ಲಿಸಿ ಹಿಂದೆ ಹೋಗಬಹುದು. ಎರಡು ಸೆಕೆಂಡು ಹಿಂದಕ್ಕೆ ಹೋಗುವಂತೆ ಹೊಂದಿಸಿ, ಐದು ಇಟ್ಟರೆ ಸಮಯ ಹಾಳು. ಹೆಡ್‌ಫೋನ್ ಮಾತ್ರ ಎರಡೂ ಕಿವಿ ಪೂರ್ತಿ ಮುಚ್ಚುವಂಥದ್ದು ಕೊಳ್ಳಿ. ಆ ಒಂಬತ್ತು ಪದ ಇಲ್ಲಿ ಹಾಕಿ, ಉಚ್ಚಾರಣೆ ಕನ್ನಡದಲ್ಲಿ ಬರೆದುಕೊಡುತ್ತೇನೆ.